ಬಾರ್ತೊಲೋಮೆ ದೆ ಲಾಸ್ ಕಾಸಾಸ್: ಆತ್ಮವಂಚನೆಯಿಂದ ತ್ಯಾಗದ ಹಾದಿಗೆ

ಭಾನುವಾರದ ಬಲಿಪೂಜೆಯನ್ನು ನಾವು ತಪ್ಪಿಸುವುದಿಲ್ಲ, ಕೈಲಾದಷ್ಟು ದಾನಧರ್ಮವನ್ನೂ ಮಾಡುತ್ತೇವೆ. ಅಷ್ಟಕ್ಕೇ ನಮ್ಮ ಬದುಕು ದೇವರಿಗೆ ಮೆಚ್ಚಿಗೆಯಾಗಿದೆ ಎಂದು ನಂಬಿಬಿಡುವ ಅಪಾಯ ನಮ್ಮೆಲ್ಲರಿಗೂ ಇದೆ. ಸುಮಾರು 500 ವರ್ಷಗಳ ಹಿಂದೆ ಯಾಜಕರೊಬ್ಬರು ಇಂಥದೇ ನಂಬಿಕೆಯಲ್ಲಿ ನೆಮ್ಮದಿಯಾಗಿದ್ದರು.

ಬಾರ್ತೊಲೋಮೆಯವರು ಹುಟ್ಟಿದ್ದು 1484ರಲ್ಲಿ, ಸ್ಪೇನಿನ ಸೆವಿಲ್ಲೆಯಲ್ಲಿ. 1502ರಲ್ಲಿ ಅವರು ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪಕ್ಕೆ ಹೋದರು. ಅಲ್ಲಿ ಸ್ಪೇನಿನವರಿಗೆ ಮೂಲನಿವಾಸಿಗಳನ್ನು ಹಂಚಿಕೊಡಲಾಗುತ್ತಿತ್ತು. ವಿಶ್ವಾಸವನ್ನು ಬೋಧಿಸುವ ಹೆಸರಿನಲ್ಲಿ ಅವರನ್ನು ಗಣಿ ಮತ್ತು ಹೊಲಗಳಲ್ಲಿ ಸಾಯುವವರೆಗೆ ದುಡಿಸಲಾಗುತ್ತಿತ್ತು. ಬಾರ್ತೊಲೋಮೆಯವರಿಗೂ ಪಾಲು ದೊರೆಯಿತು. ಯಾಜಕರಾದ ಮೇಲೂ ಅವರು ಅದನ್ನು ಬಿಡಲಿಲ್ಲ.

1511ರ ಆಗಮನ ಕಾಲದಲ್ಲಿ ಡೊಮಿನಿಕನ್ ಗುರು ಅಂತೋನಿಯೊ ದೆ ಮೊಂತೆಸಿನೋಸ್ ಈ ಅನ್ಯಾಯವನ್ನು ಪ್ರವಚನ ಪೀಠದಿಂದಲೇ ಖಂಡಿಸಿದರು. ಆಳುಗಳನ್ನು ಇಟ್ಟುಕೊಂಡಿದ್ದಾರೆಂಬ ಕಾರಣಕ್ಕೆ ಡೊಮಿನಿಕನ್ ಗುರುವೊಬ್ಬರು ಬಾರ್ತೊಲೋಮೆಯವರಿಗೆ ಪಾಪಕ್ಷಮೆಯನ್ನೂ ನಿರಾಕರಿಸಿದರು. ಆದರೂ ಅವರು ಬದಲಾಗಲಿಲ್ಲ. ತಮ್ಮ ಆಳುಗಳನ್ನು ಇತರರಿಗಿಂತ ದಯೆಯಿಂದ ನಡೆಸಿಕೊಳ್ಳುತ್ತಿದ್ದುದರಿಂದ ಅವರ ಮನಸ್ಸಾಕ್ಷಿ ಸುಮ್ಮನಿತ್ತು. ಮುಂದೆ ಕ್ಯೂಬಾದಲ್ಲಿ ಸೈನಿಕರು ನಡೆಸಿದ ಕೊಲೆಗಳನ್ನು ಕಣ್ಣಾರೆ ಕಂಡರೂ, ಅಲ್ಲಿಯೂ ಭೂಮಿ ಮತ್ತು ಜನರನ್ನು ಸ್ವೀಕರಿಸಿದರು.

1514ರಲ್ಲಿ ಪೆಂತೆಕೋಸ್ತ್ ಹಬ್ಬದ ಪ್ರವಚನಕ್ಕೆ ಸಿದ್ಧರಾಗುತ್ತಿದ್ದಾಗ ಅವರು ಸಿರಾಖ ಗ್ರಂಥದ 34ನೇ ಅಧ್ಯಾಯವನ್ನು ಓದಿದರು. ಬಡವರಿಂದ ಕಿತ್ತುಕೊಂಡದ್ದನ್ನು ದೇವರಿಗೆ ಅರ್ಪಿಸಿದರೆ ಅದು ಸ್ವೀಕಾರವಾಗದು ಎಂಬ ಬೋಧನೆ ಅವರನ್ನು ಚುಚ್ಚಿತು. ಕೆಲವು ದಿನ ಯೋಚಿಸಿದ ಬಳಿಕ ಅವರು ತಮ್ಮ ಆಳುಗಳನ್ನೆಲ್ಲ ಬಿಟ್ಟುಕೊಟ್ಟರು. ಆಗಸ್ಟ್ 15ರಂದು, ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಲ್ಲಿ, ಇದನ್ನು ಎಲ್ಲರ ಮುಂದೆ ಸಾರಿದರು.

ಅಲ್ಲಿಗೂ ಅವರ ಕಣ್ಣು ಪೂರ್ತಿ ತೆರೆದಿರಲಿಲ್ಲ. ಮೂಲನಿವಾಸಿಗಳ ಹೊರೆ ಇಳಿಸಲು ಗುಲಾಮರನ್ನು ತರಿಸಬಹುದೆಂದು 1516ರಲ್ಲಿ ಸಲಹೆ ಕೊಟ್ಟರು. ಒಬ್ಬರ ಕಣ್ಣೀರು ಒರೆಸಲು ಇನ್ನೊಬ್ಬರ ಕೊರಳಿಗೆ ನೊಗ ಹೂಡುವ ಸಲಹೆ ಅದು. ಆಫ್ರಿಕಾದವರ ಗುಲಾಮಗಿರಿಯೂ ಅಷ್ಟೇ ಅನ್ಯಾಯವೆಂದು ಮುಂದೆ ಅರಿತು ಪಶ್ಚಾತ್ತಾಪಪಟ್ಟರು. ಅದನ್ನು ತಮ್ಮ ಇತಿಹಾಸ ಗ್ರಂಥದಲ್ಲಿ ಮುಚ್ಚಿಡದೆ ಬರೆದರು.

ಡೊಮಿನಿಕನ್ ಸಭೆಗೆ ಸೇರಿದ ಅವರು ರಾಜನ ಆಸ್ಥಾನದಲ್ಲಿ ಬಿಡದೆ ವಾದಿಸಿದರು. ಮೂಲನಿವಾಸಿಗಳ ರಕ್ಷಣೆಗಾಗಿ 1542ರಲ್ಲಿ ಹೊಸ ಕಾನೂನುಗಳು ಬಂದವು. ಆದರೆ ವಸಾಹತುಗಾರರ ದಂಗೆಗೆ ಮಣಿದು 1545ರಲ್ಲಿ ಅವುಗಳಲ್ಲಿ ಮುಖ್ಯವಾದೊಂದು ಅಂಶವನ್ನು ರದ್ದುಮಾಡಲಾಯಿತು. ಚಿಯಾಪಾಸಿನ ಧರ್ಮಾಧ್ಯಕ್ಷರಾಗಿ ಅವರು, ಗುಲಾಮರನ್ನು ಬಿಡದವರಿಗೆ ಪಾಪಕ್ಷಮೆ ನೀಡಬಾರದೆಂದು ಆಜ್ಞಾಪಿಸಿದರು. ಒಂದು ಕಾಲದಲ್ಲಿ ತಮಗೆ ದೊರೆಯದ ಕ್ಷಮೆಯ ಬೆಲೆ ಅವರಿಗೆ ಗೊತ್ತಿತ್ತು. ತಮ್ಮ ವಿಶ್ವಾಸಿಗಳ ವಿರೋಧದ ನಡುವೆ 1547ರಲ್ಲಿ ಅವರು ಸ್ಪೇನಿಗೆ ಮರಳಿದರು. 1566ರ ಜುಲೈನಲ್ಲಿ ಮ್ಯಾಡ್ರಿಡ್‌ನಲ್ಲಿ ನಿಧನರಾಗುವವರೆಗೂ ಹೋರಾಟ ನಿಲ್ಲಿಸಲಿಲ್ಲ.

ಪ್ರಿಯರೇ, ಬಾರ್ತೊಲೋಮೆಯವರನ್ನು ಬಹುಕಾಲ ಕುರುಡಾಗಿಸಿದ್ದು ತಾನು ಇತರರಿಗಿಂತ ಒಳ್ಳೆಯವನೆಂಬ ಸಮಾಧಾನ. ಆ ಸಮಾಧಾನ ನಮ್ಮಲ್ಲೂ ಇದೆಯೇ? ನಮ್ಮ ಮನೆ, ತೋಟ, ಅಂಗಡಿ, ದೋಣಿಗಳಲ್ಲಿ ದುಡಿಯುವವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಸಂದಿದೆಯೇ? ಮುಂದಿನ ಪಾಪನಿವೇದನೆಗೆ ಮುನ್ನ ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ.