ಗಿಡಗಳಿಗೆ ಹೆಸರಿಟ್ಟ ಲಿನೇಯಸ್

ಈ ಸಲ ನಾನು ಸಸ್ಯ ವಿಜ್ಞಾನಿ ಕಾರ್ಲ್ ಲಿನೇಯಸ್ ಅವರ ಬಗ್ಗೆ ಬರೆದಿದ್ದೇನೆ.

ಲಿನೇಯಸ್ 1707ರ ಮೇ 23ರಂದು ಸ್ವೀಡನ್ ದೇಶದ ರೋಸ್‌ಹುಲ್ಟ್ ಎಂಬಲ್ಲಿ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ. ಅವರಿಗೆ ತೋಟದ ಹುಚ್ಚು. ಮಗ ಸಿಕ್ಕ ಸಿಕ್ಕ ಗಿಡದ ಹೆಸರು ಕೇಳುತ್ತಿದ್ದ, ಆಮೇಲೆ ಮರೆತುಬಿಡುತ್ತಿದ್ದ. ಇನ್ನು ಮರೆತರೆ ಹೇಳಿಕೊಡೋದೇ ಇಲ್ಲ ಅಂತ ತಂದೆ ಗದರಿಸಿದರಂತೆ. ಅಂದಿನಿಂದ ಹುಡುಗ ಹೆಸರುಗಳನ್ನು ಬಾಯಿಪಾಠ ಮಾಡತೊಡಗಿದ.

ಶಾಲೆಯಲ್ಲಿ ಮಾತ್ರ ಅವನು ಹಿಂದೆ. ಇವನಿಗೆ ಓದು ಹತ್ತೋದಿಲ್ಲ, ಬಟ್ಟೆ ಹೊಲಿಯೋದಕ್ಕೋ ಚಪ್ಪಲಿ ಹೊಲಿಯೋದಕ್ಕೋ ಹಾಕಿ ಎಂದು ಶಿಕ್ಷಕರು ತಂದೆಗೆ ಹೇಳಿದರು. ಅಲ್ಲೇ ಪಾಠ ಮಾಡುತ್ತಿದ್ದ ವೈದ್ಯ ರಾತ್‌ಮನ್ ಒಪ್ಪಲಿಲ್ಲ. ಹುಡುಗನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಸ್ಯಶಾಸ್ತ್ರ ಕಲಿಸಿದರು. ಆ ಒಬ್ಬ ಮೇಷ್ಟ್ರು ಇಲ್ಲದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

1732ರಲ್ಲಿ ಲಿನೇಯಸ್ ಲ್ಯಾಪ್‌ಲ್ಯಾಂಡ್ ಎಂಬ ಚಳಿಯ ಸೀಮೆಯಲ್ಲಿ ಐದು ತಿಂಗಳು ಅಲೆದು ಗಿಡಗಳನ್ನು ನೋಡಿ ಬರೆದುಕೊಂಡರು. ಆಗೆಲ್ಲ ಒಂದು ಗಿಡದ ಲ್ಯಾಟಿನ್ ಹೆಸರೆಂದರೆ ಒಂದು ಸಾಲಿನಷ್ಟು ಉದ್ದ! ಅವರು 1753ರ ತಮ್ಮ ಪುಸ್ತಕದಲ್ಲಿ ಸುಮಾರು 6 ಸಾವಿರ ಬಗೆಯ ಗಿಡಗಳಿಗೆ ಎರಡೆರಡೇ ಪದದ ಹೆಸರು ಕೊಟ್ಟರು. ನಮ್ಮ ಹೊಲದ ಜೇಕು ಇದೆಯಲ್ಲ, ಅದಕ್ಕೆ ಸೈಪರಸ್ ರೋಟಂಡಸ್ ಅಂತ ಹೆಸರಿಟ್ಟವರೂ ಅವರೇ.

ಹೂವಿನ ಕೇಸರ ಎಣಿಸಿ ಅವರು ಗಿಡಗಳ ಗುಂಪು ಮಾಡುತ್ತಿದ್ದರು. ಜೇಕಿಗೆ 3 ಕೇಸರ, ಭತ್ತಕ್ಕೆ 6. ಬರೀ ಎಣಿಸಿದರೆ ಸಂಬಂಧವಿಲ್ಲದ ಗಿಡಗಳೂ ಒಂದೇ ಗುಂಪಿಗೆ ಬರುತ್ತವೆ ಎಂದು ಮುಂದಿನವರು ಆ ಪದ್ಧತಿ ಬಿಟ್ಟರು. ಎರಡು ಪದದ ಹೆಸರು ಮಾತ್ರ ಇಂದಿಗೂ ಉಳಿದಿದೆ.

ಜೇಕು ನೋಡೋಕೆ ಹುಲ್ಲಿನ ಹಾಗೇ ಇರುತ್ತದೆ, ಆದರೆ ಹುಲ್ಲಲ್ಲ. ಅದರ ಹೂದಂಟನ್ನು ಬೆರಳಲ್ಲಿ ಹೊರಳಿಸಿ, ಮೂರು ಮೂಲೆ ಸಿಗುತ್ತವೆ. ದಂಟಿನಲ್ಲಿ ಗೆಣ್ಣಿಲ್ಲ. ಎಲೆಗಳು ಮೂರು ಸಾಲು. ಹುಲ್ಲಿನ ದಂಟು ಸಾಮಾನ್ಯವಾಗಿ ಗುಂಡಗೆ, ಅದಕ್ಕೆ ಗೆಣ್ಣುಂಟು, ಎಲೆ ಎರಡು ಸಾಲು. ಈ ಗುರುತು ತಿಳಿದರೆ ಕಳೆ ಕೀಳುವಾಗ ಉಪಯೋಗ. ಜೇಕನ್ನು ಮೇಲೆ ಕಿತ್ತರೆ ಸಾಲದು, ಮಣ್ಣೊಳಗಿನ ಗಡ್ಡೆಯಿಂದ ಮತ್ತೆ ಚಿಗುರುತ್ತದೆ.

ಕೊನೆಗಾಲದಲ್ಲಿ ಲಿನೇಯಸ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಸಾವಿರಾರು ಹೆಸರು ಕೊಟ್ಟವರಿಗೆ ತಮ್ಮ ಹೆಸರೇ ನೆನಪಾಗುತ್ತಿರಲಿಲ್ಲವಂತೆ. 1778ರ ಜನವರಿ 10ರಂದು ತೀರಿಕೊಂಡರು.

ನಮ್ಮ ತರಗತಿಯಲ್ಲೂ ಲೆಕ್ಕದಲ್ಲಿ ಹಿಂದಿದ್ದು, ಹೊಲದ ಗಿಡವೆಲ್ಲ ಗೊತ್ತಿರುವವರು ಇದ್ದಾರೆ. ಅವರನ್ನು ಕೇಳಿ, ಹತ್ತು ಗಿಡಗಳ ಗುರುತು ಬರೆದು ಮುಂದಿನ ಸಂಚಿಕೆಗೆ ಕೊಡಿ.