ಎಂ. ಜೆ. ತಿರುಮಲಾಚಾರ್

ಬೇಸಗೆಯ ಬಿಸಿಲಿಗೆ ಕಾದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಒಂದು ಕಂಪು ಏಳುತ್ತದೆ. ಆ ಕಂಪಿಗೆ ಬಹುಮಟ್ಟಿಗೆ ಕಾರಣವಾದವು ಸ್ಟ್ರೆಪ್ಟೊಮೈಸಿಸ್ ಎಂಬ ಕುಲಕ್ಕೆ ಸೇರಿದ, ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಒಂದು ಚಿಟಿಕೆ ಮಣ್ಣಿನಲ್ಲಿ ಲಕ್ಷಾಂತರ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಆಹಾರಕ್ಕಾಗಿ, ನೆಲೆಗಾಗಿ ಅವುಗಳ ನಡುವೆ ಎಡೆಬಿಡದ ಸ್ಪರ್ಧೆ ನಡೆಯುತ್ತಿರುತ್ತದೆ. ಈ ಸ್ಪರ್ಧೆಯಲ್ಲಿ ಕೆಲವು ಜೀವಿಗಳು ನೆರೆಯ ಜೀವಿಗಳ ಬೆಳವಣಿಗೆಯನ್ನು ತಡೆಯಬಲ್ಲ ವಸ್ತುಗಳನ್ನು ಸ್ರವಿಸುತ್ತವೆ. ಬೇವು, ಅರಿಸಿನ, ಬೆಳ್ಳುಳ್ಳಿ ಮೊದಲಾದ ಸಸ್ಯಗಳಲ್ಲಿಯೂ ಇಂತಹ ಗುಣವುಳ್ಳ ವಸ್ತುಗಳುಂಟು. ಸೂಕ್ಷ್ಮಜೀವಿಗಳು ತಯಾರಿಸುವ ಇಂತಹ ವಸ್ತುಗಳಿಗೆ ಪ್ರತಿಜೈವಿಕಗಳೆಂದು ಹೆಸರು. ಮಣ್ಣಿನಲ್ಲಿ ಅಡಗಿದ್ದ ಈ ಸಂಪತ್ತನ್ನು ಹುಡುಕಿ ಮನುಷ್ಯರ ಮತ್ತು ಬೆಳೆಗಳ ರಕ್ಷಣೆಗೆ ಒದಗಿಸಿದ ಭಾರತೀಯರಲ್ಲಿ ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ ಅವರು ಪ್ರಮುಖರು.

ತಿರುಮಲಾಚಾರ್ ಅವರು 1914ರಲ್ಲಿ ಜನಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಶಿಲೀಂಧ್ರಗಳ ಅಧ್ಯಯನವನ್ನು ತಮ್ಮ ಬಾಳಿನ ಕಾರ್ಯವನ್ನಾಗಿ ಆರಿಸಿಕೊಂಡರು. ಅಣಬೆ, ಬೂಷ್ಟು, ಬೆಳೆಗಳಿಗೆ ತಗಲುವ ತುಕ್ಕು, ಕಾಡಿಗೆ ಇವೆಲ್ಲವೂ ಶಿಲೀಂಧ್ರ ವರ್ಗಕ್ಕೆ ಸೇರಿದವು. ಚಿತ್ರದುರ್ಗದ ಹಿರೇಗುಂಟನೂರಿನಂತಹ, ಮಳೆಯನ್ನೇ ನೆಚ್ಚಿದ ಊರುಗಳ ರೈತನಿಗೆ ಇವು ಹೊಸಬವಲ್ಲ. ರಾಗಿಯ ಕಾಡಿಗೆ ರೋಗವನ್ನೇ ನೋಡಿರಿ. ತೆನೆಯಲ್ಲಿ ಕಾಳು ಕಟ್ಟಬೇಕಾದೆಡೆ ಹಸಿರು ಗಂಟುಗಳು ಊದಿಕೊಂಡು, ಕೊನೆಗೆ ಕಪ್ಪಾಗಿ ಒಣಗುತ್ತವೆ. ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅದು ಸೇರಬೇಕಾದ ಕುಲಕ್ಕೆ ಸೇರಿಸಿ ಹೆಸರಿಟ್ಟವರು ತಿರುಮಲಾಚಾರ್ ಮತ್ತು ಹಿರಿಯ ವಿಜ್ಞಾನಿ ಬಿ. ಬಿ. ಮುಂಡ್ಕೂರ್ ಅವರು. ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತು ಅವರಿಬ್ಬರು ರಚಿಸಿದ ಗ್ರಂಥವು 1952ರಲ್ಲಿ ಪ್ರಕಟವಾಯಿತು. ಹಿರಿಯರ ಮೇಲಣ ಗೌರವದಿಂದ ತಿರುಮಲಾಚಾರ್ ಅವರು ಒಂದು ಶಿಲೀಂಧ್ರ ಕುಲಕ್ಕೆ ಮುಂಡ್ಕುರೆಲ್ಲ ಎಂದು ನಾಮಕರಣ ಮಾಡಿದ್ದರು. ಅವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದರು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿಯೂ ದುಡಿದರು.

ಆ ಕಾಲಕ್ಕೆ ವೈದ್ಯ ಪ್ರಪಂಚದಲ್ಲಿ ಒಂದು ದೊಡ್ಡ ಕ್ರಾಂತಿ ನಡೆದಿತ್ತು. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಅವರು ಕಂಡುಹಿಡಿದ ಪೆನಿಸಿಲಿನ್, 1943ರಲ್ಲಿ ದೊರೆತ ಸ್ಟ್ರೆಪ್ಟೊಮೈಸಿನ್ ಇವು ಬ್ಯಾಕ್ಟೀರಿಯಗಳಿಂದ ಬರುವ ಅನೇಕ ಮಾರಕ ರೋಗಗಳನ್ನು ಹತೋಟಿಗೆ ತಂದವು. ಆದರೆ ಶಿಲೀಂಧ್ರಗಳ ಮುಂದೆ ಅವುಗಳ ಆಟ ನಡೆಯಲಿಲ್ಲ. ಪೆನಿಸಿಲಿನ್ ಬ್ಯಾಕ್ಟೀರಿಯದ ಕೋಶಭಿತ್ತಿ ಕಟ್ಟುವ ಕಾರ್ಯವನ್ನು ಕೆಡಿಸುತ್ತದೆ. ಶಿಲೀಂಧ್ರದ ಕೋಶಭಿತ್ತಿಯ ರಚನೆಯೇ ಬೇರೆ. ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವ ನಿಸ್ಟಾಟಿನ್ ಎಂಬ ಔಷಧವನ್ನು 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಅಮೆರಿಕದ ಮಹಿಳಾ ವಿಜ್ಞಾನಿಗಳು ಪ್ರಕಟಪಡಿಸಿದರು. ಅದೂ ಮಣ್ಣಿನ ಸೂಕ್ಷ್ಮಜೀವಿಯಿಂದಲೇ ದೊರೆತದ್ದು.

ಸ್ವತಂತ್ರ ಭಾರತವು ತನಗೆ ಬೇಕಾದ ಜೀವರಕ್ಷಕ ಔಷಧಗಳನ್ನು ತಾನೇ ತಯಾರಿಸಿಕೊಳ್ಳುವ ಸಂಕಲ್ಪ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಪರರು ಕಂಡುಹಿಡಿದ ಮದ್ದನ್ನು ತಯಾರಿಸುವುದರಷ್ಟಕ್ಕೇ ತೃಪ್ತಿಪಡದೆ ಹೊಸ ಮದ್ದುಗಳನ್ನು ಅರಸುವ ಕಾರ್ಯವೂ ಅಲ್ಲಿ ನಡೆಯಿತು. ಆ ಸಂಶೋಧನಾ ವಿಭಾಗದ ಮುಖ್ಯಸ್ಥರಾದವರು ತಿರುಮಲಾಚಾರ್ ಅವರು.

ಈ ಅನ್ವೇಷಣೆ ಅಪಾರ ತಾಳ್ಮೆಯನ್ನು ಬೇಡುವಂಥದು. ಮಣ್ಣನ್ನು ನೀರಿನಲ್ಲಿ ಕದಡಿ, ಆ ನೀರನ್ನು ಗಾಜಿನ ತಟ್ಟೆಯ ಪೋಷಕ ದ್ರವ್ಯದ ಮೇಲೆ ಹರಡಿ, ಮೊಳೆತ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಬೇರ್ಪಡಿಸಬೇಕು. ಪ್ರತಿಯೊಂದನ್ನೂ ರೋಗಕಾರಕ ಶಿಲೀಂಧ್ರದ ಎದುರು ಬೆಳೆಸಿ ನೋಡಬೇಕು. ಸೂಕ್ಷ್ಮಜೀವಿಯ ಸುತ್ತ ಶಿಲೀಂಧ್ರ ಬೆಳೆಯದೆ ಬರಿದಾದ ಒಂದು ವೃತ್ತ ಉಳಿದರೆ, ಅಲ್ಲಿ ತಡೆಯುವ ವಸ್ತು ಇದೆಯೆಂದು ಅರ್ಥ. ಹಾಗೆ ಕಂಡ ಬಹುಪಾಲು ವಸ್ತುಗಳು ಹಳೆಯವಾಗಿರುತ್ತವೆ, ಇಲ್ಲವೆ ರೋಗಿಗೂ ವಿಷವಾಗಿರುತ್ತವೆ.

ಇಂತಹ ಶೋಧನೆಯ ಫಲವಾಗಿ 1961ರಲ್ಲಿ ತಿರುಮಲಾಚಾರ್ ಮತ್ತು ಅವರ ಸಹೋದ್ಯೋಗಿಗಳು ಹ್ಯಾಮೈಸಿನ್ ಎಂಬ ಹೊಸ ಪ್ರತಿಜೈವಿಕವನ್ನು ಪ್ರಕಟಪಡಿಸಿದರು. ಅದನ್ನು ನೀಡಿದ ಸೂಕ್ಷ್ಮಜೀವಿಗೆ ಪಿಂಪ್ರಿಯ ನೆನಪಿಗಾಗಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂಬ ಹೆಸರು ಸಂದಿತು. ಹ್ಯಾಮೈಸಿನ್ ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟಿರಾಲ್ ಎಂಬ ವಸ್ತುವಿಗೆ ಅಂಟಿಕೊಂಡು ಪೊರೆಯನ್ನು ಸೋರುವಂತೆ ಮಾಡುತ್ತದೆ. ಕೋಶದ ಸತ್ವವೆಲ್ಲ ಹೊರಗೆ ಹರಿದು ಶಿಲೀಂಧ್ರ ಸಾಯುತ್ತದೆ. ಆದರೆ ಈ ಮದ್ದಿಗೆ ಒಂದು ಮಿತಿಯಿತ್ತು. ನೀರಿನಲ್ಲಿ ಅದು ಸುಲಭವಾಗಿ ಕರಗದು. ನುಂಗಿದರೆ ರಕ್ತಕ್ಕೆ ಸಾಕಷ್ಟು ಸೇರದು. ಆದುದರಿಂದ ಬಾಯಿಹುಣ್ಣು, ಚರ್ಮರೋಗ ಮುಂತಾದವುಗಳಿಗೆ ಮೇಲುಲೇಪನದ ಔಷಧವಾಗಿಯೇ ಮುಖ್ಯವಾಗಿ ಬಳಕೆಗೆ ಬಂದಿತು.

ಶೋಧ ಅಲ್ಲಿಗೆ ನಿಲ್ಲಲಿಲ್ಲ. ಚರ್ಮದ ಶಿಲೀಂಧ್ರಗಳನ್ನು ತಡೆಯುವ ಡರ್ಮೊಸ್ಟಾಟಿನ್ ದೊರೆಯಿತು. 1964ರಲ್ಲಿ ಆರಿಯೊಫಂಜಿನ್ ಪ್ರಕಟವಾಯಿತು. ಇದು ಮನುಷ್ಯರಿಗಿಂತ ಹೆಚ್ಚಾಗಿ ಸಸ್ಯಗಳಿಗೆ ಒದಗಿದ ಮದ್ದು. ತೆಂಗಿನ ಬುಡವನ್ನು ಕೊಳೆಸಿ, ಮರವನ್ನೇ ಒಣಗಿಸುವ ಅಣಬೆ ರೋಗವು ಕರ್ನಾಟಕದ ಬಯಲುಸೀಮೆಯ ತೋಟಗಳಿಗೂ ಹಳೆಯ ಶತ್ರು. ಇದಕ್ಕೆ ಕೃಷಿ ವಿಜ್ಞಾನಿಗಳು 2 ಗ್ರಾಂ ಆರಿಯೊಫಂಜಿನ್ ಮತ್ತು 1 ಗ್ರಾಂ ಮೈಲುತುತ್ತವನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಜೀವಂತ ಬೇರಿನ ಮೂಲಕ ಮರಕ್ಕೆ ಉಣಿಸುವ ವಿಧಾನವನ್ನು ಶಿಫಾರಸು ಮಾಡಿದರು. ಒಂದು ಮರ ಬಿದ್ದರೆ ಅದರ ಹಲವು ವರ್ಷಗಳ ಫಲವೇ ನಷ್ಟವಾಗುವ ಸಣ್ಣ ಹಿಡುವಳಿದಾರನಿಗೆ ಇಂತಹ ನೆರವಿನ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ಮಣ್ಣಿನ ಜೀವಿಯೊಂದು ಕೊಟ್ಟ ವಸ್ತು ಮಣ್ಣಿನಲ್ಲಿಯೇ ಬೇರೂರಿದ ಮರದ ರಕ್ಷಣೆಗೆ ನಿಂತಿತು.

ತಿರುಮಲಾಚಾರ್ ಅವರಿಗೆ ಭಾಟ್ನಾಗರ್ ಪ್ರಶಸ್ತಿ ದೊರೆಯಿತು. ವಿಜ್ಞಾನ ಅಕಾಡೆಮಿಗಳ ಸದಸ್ಯತ್ವದ ಗೌರವವೂ ಸಂದಿತು. ಮುಂದೆ ಅವರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದು ಸಂಶೋಧನಾ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲುಗೊಂಡರು. 1999ರಲ್ಲಿ ನಿಧನ ಹೊಂದಿದರು. ಅವರು ಮುಂಡ್ಕೂರರನ್ನು ಸ್ಮರಿಸಿದಂತೆಯೇ ಮುಂದಿನ ಪೀಳಿಗೆಯು ಒಂದು ಶಿಲೀಂಧ್ರ ಕುಲಕ್ಕೆ ತಿರುಮಲಾಚಾರಿಯ ಎಂದು ಹೆಸರಿಟ್ಟು ಅವರನ್ನು ಸ್ಮರಿಸಿತು.

ಪೈರನ್ನು ಕೊಲ್ಲುವ ಶಿಲೀಂಧ್ರಗಳ ಕುಲಗೋತ್ರಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೇ ಅವುಗಳನ್ನು ತಡೆಯುವ ದಾರಿಯೂ ಗೋಚರಿಸಿತು. ರೋಗವನ್ನು ಹಳಿಯುವುದರಿಂದ ರೋಗ ಹೋಗದು. ಅದರ ಸ್ವರೂಪವನ್ನು ಶ್ರದ್ಧೆಯಿಂದ ಅರಿತಾಗ ಕಾಲ ಕೆಳಗಿನ ಮಣ್ಣಿನಲ್ಲಿಯೇ ಮದ್ದು ದೊರೆಯಬಹುದು ಎಂಬುದಕ್ಕೆ ತಿರುಮಲಾಚಾರ್ ಅವರ ಜೀವನವು ಸಾಕ್ಷಿಯಾಗಿದೆ.