ಲಿಮ್ಮಾತ್ ಹೊಳೆಯ ರಕ್ತಸಾಕ್ಷಿ: ಫೇಲಿಕ್ಸ್ ಮಾನ್ಸನ ಚರಿತ್ರೆ

ಸುವಾರ್ತೆಯ ನಿಮಿತ್ತ ಕ್ರೂರ ಅರಸರಿಂದ ಪ್ರಾಣ ಕಳಕೊಂಡ ಭಕ್ತರ ಚರಿತ್ರೆಗಳನ್ನು ನಾವು ಅನೇಕಾವರ್ತಿ ಓದಿದ್ದೇವೆ. ಆದರೆ ಸತ್ಯವೇದವೇ ತಮಗೆ ಆಧಾರವೆಂದು ಸಾರಿದವರ ಕೈಯಿಂದಲೇ ಒಬ್ಬ ಭಕ್ತನು ಹೊಳೆಯಲ್ಲಿ ಮುಳುಗಿಸಲ್ಪಟ್ಟ ಸಂಗತಿಯನ್ನು ಬರೆಯುವಾಗ ನಮ್ಮ ಲೇಖನಿಯು ತಡೆಯುತ್ತದೆ. ಆದರೂ ಪರರ ತಪ್ಪನ್ನು ಹೇಳಿ ನಮ್ಮವರ ತಪ್ಪನ್ನು ಬಚ್ಚಿಡುವದು ನ್ಯಾಯವಲ್ಲವಾದ್ದರಿಂದ ಇದನ್ನು ಬರೆಯುತ್ತೇವೆ.

ಸ್ವಿಟ್ಜರ್ಲೆಂಡ್ ದೇಶದ ಜ್ಯೂರಿಕ್ ಪಟ್ಟಣವು ಒಂದು ಸರೋವರದ ತುದಿಯಲ್ಲಿದೆ. ಆ ಸರೋವರದಿಂದ ಹೊರಡುವ ಲಿಮ್ಮಾತ್ ಎಂಬ ಹೊಳೆಯು ಪಟ್ಟಣದ ನಡುವೆ ಹರಿಯುತ್ತದೆ. ಅಲ್ಲಿ ಸುಮಾರು 1498ರಲ್ಲಿ ಫೇಲಿಕ್ಸ್ ಮಾನ್ಸನು ಹುಟ್ಟಿದನು. ಅವನ ತಂದೆಯು ಅಲ್ಲಿಯ ದೊಡ್ಡ ದೇವಾಲಯದ ಯಾಜಕರಲ್ಲೊಬ್ಬನು. ಆ ಕಾಲದ ಯಾಜಕರಿಗೆ ವಿವಾಹವು ನಿಷಿದ್ಧವಾಗಿದ್ದ ಕಾರಣ ಮಗನು ಹುಟ್ಟಿನಿಂದಲೇ ಲೋಕದ ನಿಂದೆಯನ್ನು ಹೊರಬೇಕಾಯಿತು. ಆದರೂ ಅವನು ಲತೀನ್, ಗ್ರೀಕ್, ಇಬ್ರಿಯ ಭಾಷೆಗಳಲ್ಲಿ ಪಾಂಡಿತ್ಯವನ್ನು ಪಡೆದನು.

1519ರಲ್ಲಿ ಉಲ್ರಿಕ್ ಜ್ವಿಂಗ್ಲಿಯು ಆ ಪಟ್ಟಣಕ್ಕೆ ಬೋಧಕನಾಗಿ ಬಂದು ಸತ್ಯವೇದವನ್ನು ಜನರ ಭಾಷೆಯಲ್ಲಿ ವಿವರಿಸತೊಡಗಿದನು. ಮಾನ್ಸನೂ ಅವನ ಸ್ನೇಹಿತನಾದ ಕಾನ್ರಾಡ್ ಗ್ರೇಬೆಲನೂ ಜ್ವಿಂಗ್ಲಿಯ ಬಳಿಯಲ್ಲಿ ಕೂತು ಮೂಲಭಾಷೆಗಳಲ್ಲಿ ವೇದವನ್ನು ಓದಿದರು. ಗುರುಶಿಷ್ಯರು ಬಹು ಪ್ರೀತಿಯಿಂದಿದ್ದರು. ಆದರೆ 1523ರ ಅಕ್ಟೋಬರದಲ್ಲಿ ಅವರೊಳಗೆ ಭೇದವುಂಟಾಯಿತು. ಸಭೆಯ ತಿದ್ದುಪಾಟು ಯಾವಾಗ, ಎಷ್ಟರ ಮಟ್ಟಿಗೆ ನಡೆಯಬೇಕೆಂಬದನ್ನು ಪಟ್ಟಣದ ಅಧಿಕಾರಿಗಳ ತೀರ್ಮಾನಕ್ಕೆ ಬಿಡಲು ಜ್ವಿಂಗ್ಲಿಯು ಒಪ್ಪಿದನು. ದೇವರ ವಾಕ್ಯವು ತೀರಿಸಿದ್ದನ್ನು ಮನುಷ್ಯರು ಮುಂದೂಡುವದಕ್ಕೆ ಅಧಿಕಾರವಿಲ್ಲವೆಂದು ಶಿಷ್ಯರು ಎಣಿಸಿದರು.

ಬಳಿಕ ದೀಕ್ಷಾಸ್ನಾನದ ಪ್ರಶ್ನೆಯು ಬಂತು. ಪಶ್ಚಾತ್ತಾಪಪಟ್ಟು ಸ್ವಂತ ಬಾಯಿಂದ ನಂಬಿಕೆಯನ್ನು ಅರಿಕೆಮಾಡುವವರಿಗೆ ಮಾತ್ರ ಸ್ನಾನವು ಸಲ್ಲುವದೆಂದು ಮಾನ್ಸನು ಬೋಧಿಸಿದನು. ಅಧಿಕಾರಿಗಳಿಗಾದರೋ ಶಿಶುಸ್ನಾನವು ಇಡೀ ಪಟ್ಟಣವನ್ನು ಒಂದೇ ಸಭೆಯಾಗಿ ಕಟ್ಟಿದ ಹಗ್ಗವಾಗಿತ್ತು. ಅದನ್ನು ಬಿಚ್ಚುವವನು ರಾಜ್ಯವನ್ನೇ ಕೆಡಿಸುವನೆಂದು ಅವರು ಭಯಪಟ್ಟರು. 1525ರ ಜನವರಿ 17ರಲ್ಲಿ ವಾದವು ನಡೆಯಲು, ಎಲ್ಲಾ ಶಿಶುಗಳಿಗೂ ಎಂಟು ದಿವಸಗಳೊಳಗೆ ಸ್ನಾನ ಮಾಡಿಸಬೇಕು, ತಪ್ಪಿದವರು ಊರು ಬಿಡಬೇಕೆಂದು ಆಜ್ಞೆಯಾಯಿತು. ಜನವರಿ 21ರ ರಾತ್ರಿ ಕೆಲವು ಸಹೋದರರು ಕೂಡಿ ಪ್ರಾರ್ಥಿಸಿದರು. ಆ ಕೂಟವು ಮಾನ್ಸನ ತಾಯಿಯ ಮನೆಯಲ್ಲಿ ನಡೆಯಿತೆಂದು ಹೇಳುತ್ತಾರೆ. ಅಲ್ಲಿ ಜಾರ್ಜ್ ಬ್ಲಾವ್ರಾಕ್ ಎಂಬವನು ಬೇಡಿಕೊಳ್ಳಲು ಗ್ರೇಬೆಲನು ಅವನಿಗೆ ಸ್ನಾನ ಮಾಡಿಸಿದನು. ಬ್ಲಾವ್ರಾಕನು ಮಿಕ್ಕವರಿಗೆ ಮಾಡಿಸಿದನು. ವೈರಿಗಳು ಇವರನ್ನು ಅನಾಬ್ಯಾಪ್ಟಿಸ್ಟರು, ಅಂದರೆ ಎರಡನೆಯ ಸಾರಿ ಸ್ನಾನ ಮಾಡಿಸುವವರು, ಎಂದು ಕರೆದರು. ಅವರಾದರೋ ತಾವು ಹೊಂದಿದ್ದೇ ಮೊದಲನೆಯದು ಎಂದರು.

ಅಂದಿನಿಂದ ಮಾನ್ಸನು ಹಳ್ಳಿಹಳ್ಳಿಗೆ ಹೋಗಿ ಬೋಧಿಸಿದನು. ಹಲವು ಸಾರಿ ಸೆರೆಯಲ್ಲಿ ಹಾಕಲ್ಪಟ್ಟನು. 1526ರ ಮಾರ್ಚ್ 7ರಲ್ಲಿ, ಇನ್ನು ಮೇಲೆ ಇಂಥ ಸ್ನಾನ ಮಾಡಿಸುವವನನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲಬೇಕೆಂಬ ಕಟ್ಟಳೆ ಹೊರಟಿತು. ಕೆಲವು ದಿವಸಗಳಲ್ಲಿ ಅವನೂ ಜತೆಗಾರರೂ ಸೆರೆಯ ಗೋಪುರದಿಂದ ತಪ್ಪಿಸಿಕೊಂಡರೂ ಅವನು ತನ್ನ ಕೆಲಸವನ್ನು ಬಿಡಲಿಲ್ಲ. ಅದೇ ವರುಷದ ಡಿಸೆಂಬರದಲ್ಲಿ ಪುನಃ ಹಿಡಿಯಲ್ಪಟ್ಟನು. ಕ್ರಿಸ್ತನವನು ಖಡ್ಗವನ್ನು ಹಿಡಿಯಬಾರದೆಂದು ಬೋಧಿಸಿದ್ದೂ ಅವನ ಅಪರಾಧಗಳಲ್ಲಿ ಒಂದಾಯಿತು.

1527ರ ಜನವರಿ 5ರ ಮಧ್ಯಾಹ್ನದ ಮೇಲೆ ಅವನನ್ನು ಹೊಳೆಯ ದಡಕ್ಕೆ ನಡಿಸಿದರು. ಒಬ್ಬ ಬೋಧಕನು ಮನಸ್ಸನ್ನು ತಿರುಗಿಸಿಕೊಳ್ಳೆಂದು ಪಕ್ಕದಲ್ಲೇ ಹೇಳುತ್ತಿದ್ದನು. ಆದರೆ ಅವನ ತಾಯಿಯೂ ಸಹೋದರನೂ ಸ್ಥಿರವಾಗಿರೆಂದು ಅವನಿಗೆ ಧೈರ್ಯ ಕೊಟ್ಟರು. ಇದನ್ನು ಬರೆದಿಟ್ಟವನು ಅವನ ಮಿತ್ರನಲ್ಲ; ಅವನ ಬೋಧನೆಗೆ ವಿರೋಧಿಯಾಗಿದ್ದ ಬುಲ್ಲಿಂಗರನೇ. ದೋಣಿಯಲ್ಲಿ ಸಾಗಿಸಿ, ಅವನ ಕಟ್ಟಿದ ಕೈಗಳನ್ನು ಮೊಣಕಾಲುಗಳ ಕೆಳಕ್ಕೆ ಎಳೆದು, ನಡುವೆ ಒಂದು ಕೋಲನ್ನು ತೂರಿಸಿದರು. ಅವನು ತನ್ನ ಆತ್ಮವನ್ನು ಕರ್ತನ ಕೈಗೆ ಒಪ್ಪಿಸುತ್ತಾ ಹಾಡಿದನು. ಆ ಮೇಲೆ ಚಳಿಗಾಲದ ನೀರು ಅವನನ್ನು ಮುಚ್ಚಿತು. ಅವನಿಗೆ ಆಗ ಮೂವತ್ತು ವರುಷವೂ ತುಂಬಿರಲಿಲ್ಲ. ಪ್ರೊಟೆಸ್ಟಂಟ್ ಅಧಿಕಾರಿಗಳ ಕೈಯಿಂದ ಸತ್ತ ಅನಾಬ್ಯಾಪ್ಟಿಸ್ಟರಲ್ಲಿ ಅವನೇ ಮೊದಲನೆಯವನು.

ಕೊಲ್ಲುವದು ಅಲ್ಲಿಗೆ ನಿಲ್ಲಲಿಲ್ಲ. 1529ರಲ್ಲಿ ಜರ್ಮನಿಯ ಸ್ಪೈಯರ್ ಪಟ್ಟಣದಲ್ಲಿ ಕೂಡಿದ ಮಹಾಸಭೆಯಲ್ಲಿ ಸುವಾರ್ತಾ ಪಕ್ಷದ ಪ್ರಭುಗಳು ಮನಸ್ಸಾಕ್ಷಿಯ ವಿಷಯದಲ್ಲಿ ಬಲಾತ್ಕಾರ ಸಲ್ಲದೆಂದು ಪ್ರತಿಭಟಿಸಿದರು. ನಮಗಿರುವ ಪ್ರೊಟೆಸ್ಟಂಟ್ ಎಂಬ ಹೆಸರು ಅದರಿಂದಲೇ ಬಂತು. ಆದರೆ ಅದೇ ಸಭೆಯಲ್ಲಿ ಅನಾಬ್ಯಾಪ್ಟಿಸ್ಟರಿಗೆ ಮರಣದಂಡನೆಯೆಂಬ ಕಟ್ಟಳೆಯೂ ಹೊರಟಿತು! ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು. ಜ್ಯೂರಿಕಿನಲ್ಲಿ ಕೊನೆಗೆ ಹಾನ್ಸ್ ಲಾಂಡಿಸ್ ಎಂಬ ವೃದ್ಧನು 1614ರಲ್ಲಿ ಶಿರಚ್ಛೇದನ ಹೊಂದಿದನು.

ಬಹುಕಾಲದ ಮೇಲೆ, 2004ರ ಜೂನ್ 26ರಲ್ಲಿ, ಜ್ಯೂರಿಕಿನ ಸುಧಾರಿತ ಸಭೆಯವರು ಆ ವಿಶ್ವಾಸಿಗಳ ಸಂತತಿಯವರನ್ನು ಕರೆದು ತಮ್ಮ ಪಿತೃಗಳ ಪಾಪವನ್ನು ಅರಿಕೆಮಾಡಿದರು. ಹೊಳೆಯ ದಡದಲ್ಲಿ ಮಾನ್ಸನ ಹೆಸರನ್ನು ಕೆತ್ತಿದ ಕಲ್ಲನ್ನು ಇರಿಸಿದರು.

ಶಿಶುಸ್ನಾನದ ವಿಷಯದಲ್ಲಿ ನಾವು ಮಾನ್ಸನ ಮತವನ್ನು ಒಪ್ಪಬಹುದು, ಒಪ್ಪದಿರಬಹುದು. ಆದರೆ ನಂಬಿಕೆಯನ್ನು ಕಟ್ಟಳೆಯಿಂದ ಹುಟ್ಟಿಸಲಾಗದು, ಖಡ್ಗದಿಂದ ಕಾಪಾಡಲಾಗದು ಎಂಬದನ್ನು ಅವನು ನಮಗಿಂತ ಮುಂಚೆ ಕಂಡನು. ನಮ್ಮ ಹಳ್ಳಿಗಳಲ್ಲಿಯೂ ಸ್ನಾನದ ಕ್ರಮದ ನಿಮಿತ್ತ ಒಂದು ಸಭೆಯವರು ಮತ್ತೊಂದು ಸಭೆಯವರ ಬಾಗಲನ್ನು ತುಳಿಯದಿರುವದುಂಟು. ಅಂಥ ಮನಸ್ಸು ನಮ್ಮಲ್ಲಿ ಏಳುವಾಗ ಆ ಹೊಳೆಯನ್ನೂ ದಡದಲ್ಲಿದ್ದ ಆ ತಾಯಿಯನ್ನೂ ನೆನಪಿಗೆ ತಂದುಕೊಳ್ಳೋಣ.